ತವರಿಗೆ ಬರುವ ಹಕ್ಕಿ, ಕಹಿ ಕುಡಿಸುವ ಮರ

ಕನ್ನಡ ನಾಡಿನ ಒಕ್ಕಲು ಮಕ್ಕಳು ಮಳೆಯನ್ನು ತಿಂಗಳ ಹೆಸರಿನಿಂದ ಕರೆಯುವುದಿಲ್ಲ, ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಸೂರ್ಯನು 27 ನಕ್ಷತ್ರಗಳಲ್ಲಿ ಒಂದೊಂದರಲ್ಲೂ ಸುಮಾರು 13–14 ದಿನ ತಂಗುವನೆಂದು ಎಣಿಸಿ, ಆ ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರನ್ನೇ ಇಡುವ ಈ ಪದ್ಧತಿಯಲ್ಲಿ, ಏಪ್ರಿಲ್ ನಡುವಿನ ಅಶ್ವಿನಿಯಿಂದ ನವೆಂಬರಿನ ವಿಶಾಖೆಯವರೆಗೆ ಒಂದೊಂದು ಮಳೆಗೂ ಒಂದು ಗುಣ, ಒಂದು ಗಾದೆ ಅಂಟಿಕೊಂಡಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಮಾತುಗಳು ಇಂದಿಗೂ ರೈತರ ಬಾಯಲ್ಲಿವೆ. ಆದರೆ ಈ ಲೆಕ್ಕಕ್ಕೆ ಒಂದು ಮಿತಿಯಿದೆ. ಭೂಮಿಯ ಅಕ್ಷವು ಬುಗುರಿಯ ತಲೆಯಂತೆ ಬಹು ನಿಧಾನವಾಗಿ ತಿರುಗುವುದರಿಂದ, ಅಂದರೆ ಖಗೋಳಶಾಸ್ತ್ರವು ಅಯನಚಲನೆ ಎಂದು ಕರೆಯುವ ಕಾರಣದಿಂದ, ನಕ್ಷತ್ರದ ದಿನಗಳು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಋತುವಿಗಿಂತ ಹಿಂದೆ ಬೀಳುತ್ತ ಹೋಗುತ್ತವೆ. 700 ವರ್ಷ ಹಳೆಯ ಗಾದೆಯೊಂದಿದ್ದರೆ ಅದು ಹೇಳುವ ಮಳೆಯ ದಿನ ಇಂದು ಸುಮಾರು ಹತ್ತು ದಿನ ಸರಿದಿರುತ್ತದೆ. ಮರಕ್ಕೂ ಹಕ್ಕಿಗೂ ಇಂಥ ತೊಡಕಿಲ್ಲ, ಏಕೆಂದರೆ ಅವು ಬಿಸಿಲು, ತೇವ ಮತ್ತು ಹಗಲಿನ ಉದ್ದವನ್ನೇ ಅನುಸರಿಸಿ ಚಿಗುರುತ್ತವೆ, ಕೂಗುತ್ತವೆ, ಗೂಡು ಕಟ್ಟುತ್ತವೆ. ಪಂಚಾಂಗದ ದಿನವನ್ನು ಮರ ಹಕ್ಕಿಗಳ ನಡೆಯೊಂದಿಗೆ ತಾಳೆ ನೋಡುವ ಜನಪದರ ರೂಢಿಯನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಬೇಸಗೆ ಕಾಲಿಡುವ ಹೊತ್ತಿಗೆ ಎಲೆ ಕಳಚಿ ನಿಂತ ಮುತ್ತುಗದ ಮರವು ಕೊಂಬೆ ಕಾಣದಂತೆ ಕೆಂಡದ ಬಣ್ಣದ ಹೂ ತಳೆಯುತ್ತದೆ, ಆ ಹೂವೇ ಹೋಳಿಯ ಓಕುಳಿಗೆ ಬಣ್ಣವಾಗುತ್ತದೆ. ಯುಗಾದಿಯ ಬೇವು ಬೆಲ್ಲಕ್ಕೆ ಬೇವಿನ ಹೂ ಒದಗುವುದೂ, ಊರ ಹೊರಗಿನ ಹೊಂಗೆ ಹೊಸ ಎಲೆ ಹೊದ್ದು ದಾರಿಹೋಕರಿಗೆ ತಂಪು ನೆರಳಾಗುವುದೂ ಇದೇ ಕಾಲಕ್ಕೆ. ವಸಂತದ ಗಾಯಕಿಯೆಂದು ಹೆಸರಾದ ಕೋಗಿಲೆಯ ವಿಷಯದಲ್ಲಿ ಮಾತ್ರ ಕಾವ್ಯವೂ ಜನಪದವೂ ಒಂದು ತಪ್ಪು ಮಾಡಿವೆ. ಇಂಪಾಗಿ ಕುಹೂ ಎನ್ನುವುದು ಕಡುಗಪ್ಪು ಮೈಯ ಗಂಡು. ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳಿರುವ ಹೆಣ್ಣಿನ ಕೂಗು ಕರ್ಕಶವಾದುದು. ತನ್ನ ಮೊಟ್ಟೆಗಳನ್ನು ಕಾಗೆಯ ಗೂಡಿನಲ್ಲಿಡುವ ಈ ಹಕ್ಕಿಯ ಸಂತಾನದ ಕಾಲವು ಕಾಗೆ ಗೂಡು ಕಟ್ಟುವ ಕಾಲಕ್ಕೆ ಹೊಂದಿಕೊಂಡಿರುವುದರಿಂದ, ಮಾಗಿಯಲ್ಲಿ ಮೂಕವಾಗಿದ್ದ ಕೋಗಿಲೆ ಬಿಸಿಲೇರಿದಂತೆ ದನಿ ಏರಿಸುತ್ತದೆ.

ಮಳೆಯ ಹನಿಯ ಹೊರತು ಬೇರೆ ನೀರನ್ನು ಮುಟ್ಟದೆ ಬಾಯಿ ತೆರೆದು ಕಾಯುವುದೆಂದು ಪ್ರಸಿದ್ಧವಾದ ಚಾತಕ ಪಕ್ಷಿಯೂ ಕೋಗಿಲೆಯ ಬಳಗದ್ದೇ. ತಲೆಯ ಮೇಲೆ ಜುಟ್ಟು, ಕಪ್ಪು ಬೆನ್ನು, ಬಿಳಿ ಹೊಟ್ಟೆಯ ಈ ಹಕ್ಕಿಗಳಲ್ಲಿ ಒಂದು ಗುಂಪು ಪೂರ್ವ ಆಫ್ರಿಕಾದಿಂದ ನೈರುತ್ಯ ಮಾರುತದ ಜೊತೆಯಲ್ಲೇ ಹೊರಟು ಮಧ್ಯ ಮತ್ತು ಉತ್ತರ ಭಾರತವನ್ನು ಸೇರುತ್ತದೆ, ಹಾಗಾಗಿ ಅಲ್ಲಿ ಅದರ ಕೂಗು ನಿಜವಾಗಿಯೂ ಮಳೆಯ ಮುನ್ಸೂಚನೆ. ದಕ್ಷಿಣದಲ್ಲಿ ವರ್ಷವಿಡೀ ಇಲ್ಲೇ ಉಳಿಯುವ ಚಾತಕಗಳೂ ಇವೆ. ಇದೇ ದಾಹದ ಕಥೆಯನ್ನು ಕೇರಳದ ಜನ ಮಂಗಟ್ಟೆ ಹಕ್ಕಿಯ ಮೇಲೆ ಹೇಳುತ್ತಾರೆ ಎಂಬುದು ಗಮನಿಸಬೇಕಾದ ಸಂಗತಿ: ಹಕ್ಕಿ ಬೇರೆಯಾದರೂ ಮಳೆಗಾಗಿ ಬಾಯಾರಿದ ಮನುಷ್ಯರ ಕಾತರ ಒಂದೇ.

ಮಳೆ ಹಿಡಿದ ಮೇಲೆ ಮರದ ಪಾತ್ರವೇನೆಂಬುದನ್ನು ತುಳುನಾಡಿನ ಆಟಿಯಲ್ಲಿ ಕಾಣಬೇಕು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ಸೌರಮಾಸದಲ್ಲಿ, ಹಿಂದೆ ಕಣಜ ಬರಿದಾಗಿ, ಕಡಲಿಗಿಳಿಯುವ ದೋಣಿಗಳು ದಡದಲ್ಲಿ ನಿಂತು, ಕೆಸುವಿನ ಎಲೆ ಮತ್ತು ಕಳಲೆಯಲ್ಲಿ, ಅಂದರೆ ಎಳೆಯ ಬಿದಿರಿನ ಮೊಳಕೆಯಲ್ಲಿ, ದಿನ ದೂಡುವ ಕಷ್ಟಕಾಲವಿತ್ತು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುನ್ನವೇ ಮನೆಯ ಗಂಡಸೊಬ್ಬ ಹಾಲೆ ಮರದ ಬಳಿಗೆ ಹೋಗಿ, ಕತ್ತಿ ಮುಟ್ಟಿಸದೆ ಚೂಪಾದ ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆದು ತರುತ್ತಾನೆ. ಅದರ ರಸಕ್ಕೆ ಬೆಳ್ಳುಳ್ಳಿ, ಕರಿಮೆಣಸು, ಓಮ ಸೇರಿಸಿ, ಕೆಂಪಗೆ ಕಾಯಿಸಿದ ಬಿಳಿ ಬೆಣಚುಕಲ್ಲನ್ನು ಅದ್ದಿದಾಗ ಚುರ್ರೆಂದು ಹಬೆಯೇಳುತ್ತದೆ. ಮನೆಯವರೆಲ್ಲ ಬರಿಹೊಟ್ಟೆಯಲ್ಲಿ ಈ ಕಡುಕಹಿಯನ್ನು ಕುಡಿದು, ಆ ಮೇಲೆ ಮೆಂತೆಯ ಗಂಜಿ ಉಂಡು ದೇಹ ತಂಪು ಮಾಡಿಕೊಳ್ಳುತ್ತಾರೆ. ತುಳುವಿನಲ್ಲಿ ಪಾಲೆ, ಸಂಸ್ಕೃತದಲ್ಲಿ ಸಪ್ತಪರ್ಣ ಎನಿಸಿದ ಈ ಮರದ ಎಲೆಗಳು ಹೆಚ್ಚಾಗಿ ಏಳರ ಸುತ್ತಿನಲ್ಲಿರುತ್ತವೆ, ಗೀರಿದರೆ ಹಾಲು ಒಸರುತ್ತದೆ. ಆಯುರ್ವೇದವು ಇದರ ತೊಗಟೆಯನ್ನು ವಿಷಮಜ್ವರಕ್ಕೆ, ಎಂದರೆ ಬಿಟ್ಟು ಬಿಟ್ಟು ಬರುವ ಜ್ವರಕ್ಕೆ, ಮದ್ದೆಂದು ಹೇಳುತ್ತದೆ. ಆ ಒಂದು ದಿನ ಮರದಲ್ಲಿ ಸಾವಿರದೊಂದು ಮದ್ದು ಸೇರುತ್ತದೆಂಬ ನಂಬಿಕೆಯನ್ನು ವಿಜ್ಞಾನ ಒಪ್ಪಬೇಕಿಲ್ಲ, ಆದರೆ ವರ್ಷಕ್ಕೊಮ್ಮೆ ಮಾತ್ರ ತೊಗಟೆ ತೆಗೆಯುವ ಕಟ್ಟಳೆಯಿಂದ ಮರಕ್ಕೆ ಮಾಯಲು ಕಾಲ ಸಿಗುತ್ತದೆ. ಕತ್ತಲಲ್ಲಿ ಮರ ಗುರುತು ತಪ್ಪಿ ವಿಷದ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಅಪಾಯ. ಮರವನ್ನು ಬಲ್ಲ ಹಿರಿಯರಿಲ್ಲದ ಮನೆಗಳು ಈ ಆಚರಣೆಗೆ ಕೈ ಹಾಕದಿರುವುದೇ ಲೇಸು.

ಎಲ್ಲ ನಂಬಿಕೆಗಳೂ ಕಾಯುವಂಥವಲ್ಲ. ಹಾಲಕ್ಕಿಯೆಂಬ ಪುಟ್ಟ ಗೂಬೆ ನುಡಿಯಿತೆಂದು ಬುಡಬುಡಿಕೆಯವರು ನಸುಕಿನಲ್ಲಿ ಶಕುನ ಹೇಳಿ ಆ ಹಕ್ಕಿಗೆ ಗೌರವದ ಸ್ಥಾನ ಕೊಟ್ಟರೆ, ಗೂಬೆ ಕೂತ ಮನೆಗೆ ಕೇಡೆಂಬ ಭಯ ಮತ್ತು ದೀಪಾವಳಿಯ ಸುಮಾರಿಗೆ ಮಾಟದ ಹೆಸರಿನಲ್ಲಿ ನಡೆಯುವ ಮಾರಾಟ ಹೊಲದ ಇಲಿ ಹಿಡಿಯುವ ಈ ಹಕ್ಕಿಗಳ ಜೀವ ತೆಗೆಯುತ್ತಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗೂಬೆಯನ್ನು ಕೊಲ್ಲುವುದೂ ಮಾರುವುದೂ ಅಪರಾಧ.

ಮರ, ಹಕ್ಕಿ, ಋತು ಮೂರೂ ಒಂದೇ ನಂಬಿಕೆಯಲ್ಲಿ ಹೆಣೆದುಕೊಂಡಿರುವುದಕ್ಕೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಶಿಂಷಾ ನದಿಗೆ ಸಮೀಪದ ಈ ಊರಿನ ಹಿತ್ತಿಲ ಹುಣಸೆ ಮರಗಳಿಗೆ ಮಾಗಿಯ ಕಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದಿಳಿಯುತ್ತವೆ. ಹೆಜ್ಜಾರ್ಲೆಯೆಂದರೆ ಕೊಕ್ಕಿನ ಕೆಳಗೆ ಚೀಲದಂತೆ ಜೋತುಬಿದ್ದ ತೊಗಲಿರುವ, ಮೀನು ತಿನ್ನುವ ದೊಡ್ಡ ನೀರುಹಕ್ಕಿ. ಊರಿನವರ ಪಾಲಿಗೆ ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಇವು ಬಂದ ವರ್ಷ ಮಳೆ ಬೆಳೆ ಚೆನ್ನ, ಬಾರದಿದ್ದರೆ ಊರಿಗೆ ಕೇಡು. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗಿಗೆ ಹೆದರಿ ಜನ ಹಳೆಯ ಊರು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಊರಿನ ನೆನಪು ಹೇಳುತ್ತದೆ. ಈ ನಂಟಿಗೆ ಬೆಲೆಯೂ ಇದೆ. ಹುಣಸೆ ಹಣ್ಣಾಗುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ ಆದುದರಿಂದ ಕೋಲಿನಿಂದ ಬಡಿದು ಹಣ್ಣು ಉದುರಿಸಿದರೆ ಗೂಡು ಹಾಳಾಗುತ್ತದೆ; ಮಗಳು ಬಾಣಂತಿಯಾಗಿರುವ ಮನೆಯಲ್ಲಿ ಗದ್ದಲ ಮಾಡಬಾರದೆಂಬ ಭಾವನೆಯೇ ಬಡ ರೈತನ ಕೈಯನ್ನು ತಡೆದಿತ್ತು, ಅರಣ್ಯ ಇಲಾಖೆ ಹುಣಸೆಯ ನಷ್ಟಕ್ಕೆ ಪರಿಹಾರ ಕೊಡತೊಡಗಿದ್ದು ಬಹಳ ತಡವಾಗಿ. ಊರಿನ ಹೆಜ್ಜಾರ್ಲೆ ಬಳಗದವರು ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ ಹಾರಲು ಬಿಡುತ್ತ ಬಂದಿದ್ದಾರೆ, 2007ರಲ್ಲಿ ಈ ಊರನ್ನು ಸಮುದಾಯ ಸಂರಕ್ಷಿತ ತಾಣವೆಂದು ಘೋಷಿಸಲಾಯಿತು.

ಹಕ್ಕಿಗಳು ತವರಿನ ಋಣವನ್ನೂ ತೀರಿಸುತ್ತವೆ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಹೂಳು ತುಂಬಿ, ತಿಂಗಳುಗಟ್ಟಲೆ ಬೀಳುವ ಹಿಕ್ಕೆಯನ್ನು ಅದರಲ್ಲಿ ಬೆರೆಸಿ ರೈತರು ಗೊಬ್ಬರ ಮಾಡಿಕೊಳ್ಳುವ ರೂಢಿ ಇಲ್ಲಿ ಹಳೆಯದು. ಬಲಿತ ಮರಿಗಳೊಂದಿಗೆ ಹೆಜ್ಜಾರ್ಲೆಗಳು ಊರು ಬಿಟ್ಟು, ಹುಣಸೆ ಮರ ಬರಿದಾಗಿ ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಆ ಗೊಬ್ಬರ ಹೊಲ ಸೇರುತ್ತದೆ.