ಬ್ರಾಯ್ಲರ್ ಕೋಳಿಗೆ ಎಷ್ಟು ರಂಜಕ ಬೇಕು?

ಬ್ರಾಯ್ಲರ್ ಕೋಳಿಯ ಮೈಯಲ್ಲಿರುವ ರಂಜಕದ ಸುಮಾರು ಶೇ. 80 ಭಾಗ ಮೂಳೆಯಲ್ಲಿ ಕ್ಯಾಲ್ಸಿಯಂ ಜೊತೆ ಸೇರಿಕೊಂಡಿರುತ್ತದೆ. ಸುಮಾರು 40 ಗ್ರಾಂ ತೂಗುವ ಮರಿ ಆರು ವಾರದಲ್ಲಿ ಎರಡು ಕಿಲೋ ದಾಟುತ್ತದೆ. ಆ ಭಾರಕ್ಕೆ ತಕ್ಕಂತೆ ಮೂಳೆ ಗಟ್ಟಿಯಾಗದಿದ್ದರೆ ಕಾಲು ಸೊಟ್ಟಗಾಗಿ, ಕೋಳಿ ಮೇವಿನ ತಟ್ಟೆಯವರೆಗೂ ಹೋಗಲಾರದೆ ಸೊರಗುತ್ತದೆ.

ಅಗತ್ಯವನ್ನು ಅಂದಾಜು ಮಾಡಲು ಮರಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಗುಂಪಿನಿಂದ ಗುಂಪಿಗೆ ರಂಜಕವನ್ನು ಸ್ವಲ್ಪ ಸ್ವಲ್ಪ ಏರಿಸಿದ ಆಹಾರ ಕೊಡಲಾಗುತ್ತದೆ. ಮಿಕ್ಕ ಪೋಷಕಾಂಶಗಳೆಲ್ಲ ಸಮನಾಗಿರಬೇಕು. ಕ್ಯಾಲ್ಸಿಯಂ ಹೆಚ್ಚಾದರೆ ಕರುಳಿನಲ್ಲಿ ರಂಜಕವನ್ನೇ ಕಟ್ಟಿಹಾಕುವುದರಿಂದ ಅದರ ಮೇಲೆ ವಿಶೇಷ ನಿಗಾ ಬೇಕು. ಕೆಲವು ವಾರಗಳ ನಂತರ ಮರಿಗಳ ತೂಕ ನೋಡಿ, ಕೆಳಗಾಲಿನ ಮೂಳೆಯನ್ನು ಒಣಗಿಸಿ, ಕುಲುಮೆಯಲ್ಲಿ ಸುಟ್ಟು, ಉಳಿದ ಬೂದಿಯನ್ನು ತೂಗುತ್ತಾರೆ. ರಂಜಕ ಏರಿದಂತೆ ಬೂದಿಯ ಪ್ರಮಾಣವೂ ಏರಿ ಒಂದು ಹಂತದಲ್ಲಿ ನಿಲ್ಲುತ್ತದೆ. ಆ ಹಂತವೇ ಅಗತ್ಯದ ಅಂದಾಜು. ಮೈತೂಕದ ಏರಿಕೆ ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ನಿಲ್ಲುತ್ತದೆ; ತಕ್ಕಡಿಯನ್ನಷ್ಟೇ ನಂಬಿ ಲೆಕ್ಕ ಹಾಕಿದರೆ ಮೂಳೆಗೆ ಕೊರತೆ ಬೀಳುತ್ತದೆ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಕೊಟ್ಟ ಪ್ರಮಾಣ ಮೊದಲ ಮೂರು ವಾರ ಆಹಾರದ ಶೇ. 0.45, ಆರನೇ ವಾರದವರೆಗೆ ಶೇ. 0.35, ಆಮೇಲೆ ಶೇ. 0.30. ಇದು ಒಟ್ಟು ರಂಜಕವಲ್ಲ, ಫೈಟೇಟ್ ರೂಪದಲ್ಲಿ ಇಲ್ಲದ ರಂಜಕ. ಕಾಳುಗಳಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಭಾಗ ಫೈಟೇಟ್ ಆಗಿರುತ್ತದೆ. ಅದನ್ನು ಒಡೆಯುವ ಶಕ್ತಿ ಕೋಳಿಯ ಕರುಳಿಗೆ ತೀರಾ ಕಡಿಮೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಕೋಳಿ ಫಾರಂಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ನೂರು ಕಿಲೋ ಫೀಡಿನಲ್ಲಿ 60 ಕಿಲೋ ಮುಸುಕಿನ ಜೋಳ, 32 ಕಿಲೋ ಸೋಯಾ ಹಿಂಡಿ ಇದ್ದರೆ ಅವುಗಳಿಂದ ಬರುವ ಒಟ್ಟು ರಂಜಕ ಸುಮಾರು 375 ಗ್ರಾಂ. ಮರಿಗೆ ದಕ್ಕುವುದು 125 ಗ್ರಾಂ ಆಸುಪಾಸು. ಎಳೆ ಮರಿಗೆ ಬೇಕಾದ 450 ಗ್ರಾಂ ತುಂಬಿಸಲು, ಶೇ. 18 ರಂಜಕವಿರುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಅಂದರೆ ಡಿಸಿಪಿಯನ್ನು ಸುಮಾರು 1.8 ಕಿಲೋ ಬೆರೆಸಬೇಕು. ಫೈಟೇಟ್ ಒಡೆಯುವ ಫೈಟೇಸ್ ಕಿಣ್ವ 1991ರಿಂದ ಮಾರುಕಟ್ಟೆಯಲ್ಲಿದೆ. ಅದು ನೂರು ಕಿಲೋ ಫೀಡಿನಲ್ಲಿ ಸುಮಾರು 100 ಗ್ರಾಂ ರಂಜಕವನ್ನು ಬಿಡಿಸಿಕೊಟ್ಟರೆ ಅರ್ಧ ಕಿಲೋಗೂ ಮಿಕ್ಕಿ ಡಿಸಿಪಿ ಉಳಿಯುತ್ತದೆ.

ಅನುಮಾನಕ್ಕೆಂದು ಒಂದಿಷ್ಟು ಹೆಚ್ಚೇ ಸುರಿಯುವ ರೂಢಿ ಒಳ್ಳೆಯದಲ್ಲ. ಡಿಸಿಪಿ ದುಬಾರಿ, ಮಿಕ್ಕಿದ ರಂಜಕ ಹಿಕ್ಕೆಯಲ್ಲಿ ಹೋಗುತ್ತದೆ. ಕೋಳಿಗೊಬ್ಬರ ದ್ರಾಕ್ಷಿ, ತರಕಾರಿ ತೋಟಗಳಿಗೆ ಬೇಕಾದದ್ದೇ, ಆದರೆ ಬೆಳೆ ಹೀರದೆ ಬಿಟ್ಟ ರಂಜಕ ಮಳೆನೀರಿನೊಂದಿಗೆ ಕೆರೆ ಸೇರಿ ಪಾಚಿ ಬೆಳೆಸುತ್ತದೆ. ಫೀಡ್ ಕೊಳ್ಳುವವರು ಚೀಟಿಯಲ್ಲಿ ಒಟ್ಟು ರಂಜಕವನ್ನಷ್ಟೇ ನೋಡದೆ, ದಕ್ಕುವ ರಂಜಕ ಎಷ್ಟು, ಫೈಟೇಸ್ ಸೇರಿದೆಯೇ ಎಂದು ಕೇಳಿ ತಿಳಿಯಬೇಕು.