ಸೂಚೀವೇಧವೂ ಮರ್ಮವಿಚಾರವೂ

ಚೀನದೇಶದ ಸೂಚೀವೇಧಚಿಕಿತ್ಸೆಯು ನಮ್ಮ ಸುಶ್ರುತನ ಮರ್ಮವಿಚಾರದಿಂದಲೇ ಹುಟ್ಟಿತೆಂದು ಹೇಳುವವರುಂಟು. ಈ ಮಾತು ವಿಚಾರಣೀಯವಾದುದು.

ಆ ದೇಶದ ಪ್ರಾಚೀನ ವೈದ್ಯಗ್ರಂಥವಾದ ‘ಹುವಾಂಗ್‌ದಿ ನೇಜಿಂಗ್’ನ ಮತದಂತೆ, ‘ಚಿ’ ಎಂಬ ಪ್ರಾಣಶಕ್ತಿಯು 12 ಮುಖ್ಯ ಮಾರ್ಗಗಳಲ್ಲಿ ಸಂಚರಿಸುವುದು. ಅದರ ಗತಿಯು ಕುಂಠಿತವಾದರೆ ರೋಗವುಂಟಾಗುವುದು. ನಿಯತಸ್ಥಾನಗಳಲ್ಲಿ ಸೂಕ್ಷ್ಮವಾದ ಸೂಜಿಯನ್ನು ಚುಚ್ಚಿ ಆ ಗತಿಯನ್ನು ಸರಿಪಡಿಸುವರು. ಇಂತಹ ಸ್ಥಾನಗಳು ಇಂದಿನ ಗಣನೆಯಂತೆ 361. ಸುಶ್ರುತನ ಮರ್ಮಗಳಾದರೋ 107. ಅವು ಶಸ್ತ್ರವೈದ್ಯನು ಆಘಾತವಾಗದಂತೆ ಕಾಪಾಡತಕ್ಕ ಸ್ಥಾನಗಳು. ಅಲ್ಲಿಯವು ಚುಚ್ಚತಕ್ಕವು, ಇಲ್ಲಿಯವು ಚುಚ್ಚಬಾರದವು. ಇವೆರಡೂ ಒಂದೇ ಎನ್ನುವುದೆಂತು?

ಶರೀರವನ್ನು ಛೇದಿಸಿ ನೋಡಿದರೆ ಆ ಮಾರ್ಗಗಳು ಕಾಣಬರುವುದಿಲ್ಲ. ಸೂಜಿಯು ನರಗಳನ್ನು ಪ್ರಚೋದಿಸಿ, ದೇಹಜನ್ಯವಾದ ಎಂಡಾರ್ಫಿನ್ ಎಂಬ ನೋವುಶಾಮಕ ದ್ರವ್ಯವನ್ನು ಹೊರಡಿಸುವುದೆಂದು 1970ರ ದಶಕದ ಪ್ರಯೋಗಗಳು ಸೂಚಿಸಿದುವು. ಬೆನ್ನುನೋವು, ಮಂಡಿನೋವು, ಅರೆತಲೆನೋವು, ಶಸ್ತ್ರಚಿಕಿತ್ಸೆಯ ತರುವಾಯದ ವಾಕರಿಕೆ ಇವುಗಳಲ್ಲಿ ಇದನ್ನು ಬಳಸುವರು. ಆದರೆ ಸ್ಥಾನ ತಪ್ಪಿಸಿ ಚುಚ್ಚಿದಾಗಲೂ ಬಹುಮಟ್ಟಿಗೆ ಅಂತಹುದೇ ಉಪಶಮನವು ಅನೇಕ ಪರೀಕ್ಷೆಗಳಲ್ಲಿ ಕಂಡುಬಂದಿರುವುದರಿಂದ, ರೋಗಿಯ ನಂಬಿಕೆಗೂ ಇದರಲ್ಲಿ ಪಾಲುಂಟೆಂದು ತೋರುತ್ತದೆ.

ಸಾದೃಶ್ಯಮಾತ್ರವು ಮೂಲನಿರ್ಣಯಕ್ಕೆ ಪ್ರಮಾಣವಾಗಲಾರದು. ಸ್ವದೇಶಾಭಿಮಾನವು ಗ್ರಂಥಾರ್ಥವನ್ನು ತಿರುಚದಿರಲಿ.