ಧರ್ಮ: ಅಫೀಮೇ? ಭ್ರಮೆಯೇ?

ಧರ್ಮವನ್ನು ಕಾರ್ಲ್ ಮಾರ್ಕ್ಸ್ ಅಫೀಮಿಗೆ ಹೋಲಿಸಿದರು, ಸಿಗ್ಮಂಡ್ ಫ್ರಾಯ್ಡ್ ಭ್ರಮೆ ಎಂದು ಕರೆದರು. ಈ ಎರಡು ಮಾತುಗಳನ್ನು ನೀವು ಕೇಳಿಯೇ ಇರುತ್ತೀರಿ. ಒಪ್ಪುವವರಾಗಲಿ, ಒಪ್ಪದವರಾಗಲಿ ಬಹುಮಟ್ಟಿಗೆ ಇಷ್ಟಕ್ಕೇ ನಿಂತುಬಿಡುತ್ತಾರೆ. ಆದರೆ ಇವರು ನಿಜವಾಗಿ ಹೇಳಿದ್ದೇನು?

ಈ ವಿಚಾರಧಾರೆಗೆ ದಾರಿ ಮಾಡಿಕೊಟ್ಟವರು ಜರ್ಮನಿಯ ತತ್ತ್ವಜ್ಞಾನಿ ಫಾಯರ್‌ಬಾಖ್. ಮನುಷ್ಯ ತನ್ನದೇ ಪ್ರೀತಿ, ವಿವೇಕ, ಶಕ್ತಿಗಳನ್ನು ಹಿಗ್ಗಿಸಿ, ತನ್ನಿಂದ ಹೊರಗಿಟ್ಟು, ಅವನ್ನೇ ದೇವರೆಂದು ಪೂಜಿಸುತ್ತಾನೆ ಎಂದು ಅವರು 1841ರಲ್ಲಿ ಪ್ರಕಟವಾದ ‘ಕ್ರೈಸ್ತಧರ್ಮದ ಸಾರ’ ಎಂಬ ಗ್ರಂಥದಲ್ಲಿ ವಾದಿಸಿದರು.

ಮನುಷ್ಯನಿಗೆ ಹೀಗೆ ಮಾಡುವ ಅಗತ್ಯವಾದರೂ ಏಕೆ ಬಂತು? ಮಾರ್ಕ್ಸ್ ಇದಕ್ಕೆ ಉತ್ತರವನ್ನು ಸಮಾಜದಲ್ಲಿ ಹುಡುಕಿದರು. ಅಫೀಮಿನ ಹೋಲಿಕೆ ಬರುವುದು 1844ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ. ಅಂದಿನ ಯೂರೋಪಿನಲ್ಲಿ ಅಫೀಮು ಅಮಲಿನ ವಸ್ತು ಮಾತ್ರವಾಗಿರಲಿಲ್ಲ. ನೋವು ಶಮನಗೊಳಿಸುವ ಔಷಧಿಯೂ ಆಗಿತ್ತು ಎಂಬುದನ್ನು ಗಮನಿಸಬೇಕು. ಧರ್ಮದಲ್ಲಿ ನೊಂದವರ ಸಂಕಟವೂ ಇದೆ, ಆ ಸಂಕಟದ ವಿರುದ್ಧ ಪ್ರತಿಭಟನೆಯೂ ಇದೆ ಎಂದು ಅವರು ಅಲ್ಲಿಯೇ ಹೇಳುತ್ತಾರೆ. ಔಷಧಿಯನ್ನು ಬೈಯುವುದಕ್ಕಿಂತ ನೋವಿನ ಮೂಲವನ್ನು ತೆಗೆಯಬೇಕೆಂಬುದೇ ಅವರ ಆಗ್ರಹ.

ಫ್ರಾಯ್ಡ್ ಉತ್ತರವನ್ನು ಮನಸ್ಸಿನೊಳಗೆ ಹುಡುಕಿದರು. ಪ್ರಕೃತಿ, ರೋಗ, ಸಾವುಗಳ ಮುಂದೆ ದೊಡ್ಡವರೂ ಮಕ್ಕಳಷ್ಟೇ ಅಸಹಾಯಕರು. ಮಗುವಿಗೆ ತಂದೆಯ ಆಸರೆ ಹೇಗೋ ಹಾಗೆ ಇವರಿಗೆ ದೇವರು. 1927ರ ‘ಒಂದು ಭ್ರಮೆಯ ಭವಿಷ್ಯ’ ಕೃತಿಯ ತಿರುಳು ಇದು. ಇಲ್ಲಿ ‘ಭ್ರಮೆ’ ಎಂದರೆ ಬರೀ ಸುಳ್ಳು ಎಂದಲ್ಲ. ಆಸೆಯ ಬಲದಿಂದ ಹುಟ್ಟಿದ ನಂಬಿಕೆ ಎಂದರ್ಥ. ದೂರ ಹೋದ ಮಗ ಬಂದೇ ಬರುತ್ತಾನೆಂದು ತಾಯಿ ನಂಬುವುದು ಆಸೆಯಿಂದಲೇ. ಆದರೂ ಮಗ ನಿಜವಾಗಿ ಬಂದುಬಿಡಬಹುದು! ಧಾರ್ಮಿಕ ತತ್ತ್ವಗಳ ಸತ್ಯಾಸತ್ಯವನ್ನು ನಿರ್ಣಯಿಸುವುದು ಈ ಪುಸ್ತಕದ ಉದ್ದೇಶವಲ್ಲವೆಂದು ಫ್ರಾಯ್ಡ್ ಅವರೇ ಸ್ಪಷ್ಟಪಡಿಸಿದ್ದಾರೆ.

ಅವರ ಸ್ನೇಹಿತ, ಸ್ವಿಟ್ಜರ್ಲೆಂಡಿನ ಪಾದ್ರಿ ಆಸ್ಕರ್ ಫಿಸ್ಟರ್ 1928ರಲ್ಲಿ ಇದಕ್ಕೆ ಉತ್ತರ ಬರೆದರು. ಶೀರ್ಷಿಕೆ: ‘ಒಂದು ಭವಿಷ್ಯದ ಭ್ರಮೆ’. ವಿಜ್ಞಾನವೇ ಮನುಷ್ಯನನ್ನು ಪಾರುಮಾಡುತ್ತದೆಂಬ ಭರವಸೆಯಲ್ಲಿಯೂ ಆಸೆ ಅಡಗಿಲ್ಲವೇ ಎಂಬುದು ಅವರ ವಾದ. ಇಷ್ಟಾದರೂ ಇಬ್ಬರ ಸ್ನೇಹ ಕೆಡಲಿಲ್ಲ.

ನಂಬಿಕೆ ಎಲ್ಲಿಂದ ಹುಟ್ಟಿತು ಎಂಬುದು ಒಂದು ಪ್ರಶ್ನೆ. ಅದು ನಿಜವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ದೊರೆತ ಉತ್ತರದಿಂದ ಎರಡನೆಯದು ತೀರ್ಮಾನವಾಗುವುದಿಲ್ಲ. ಹಾಗೆಂದು ಆಸ್ತಿಕರು ನಿಶ್ಚಿಂತರಾಗಿರುವಂತಿಲ್ಲ. ನನ್ನ ಭಕ್ತಿಯಲ್ಲಿ ಭಯದ ಪಾಲೆಷ್ಟು? ಇನ್ನೊಬ್ಬರ ಮೇಲಿನ ಅನ್ಯಾಯವನ್ನು ಅದು ಮರೆಮಾಡುತ್ತಿದೆಯೇ? ಈ ಪ್ರಶ್ನೆಗಳನ್ನು ಕೇಳಿಕೊಳ್ಳಲು ನಾಸ್ತಿಕರೇ ಆಗಬೇಕಾಗಿಲ್ಲ.